ಸಿಡಿಯದೆ ಉಳಿದ ಕುಳಿ: ನಾನ್-ಎಲೆಕ್ಟ್ರಿಕ್ ಡೆಟೊನೇಟರನ್ನು ನಂಬೋದು ಹೇಗೆ?

ದೀಪಾವಳಿಯಲ್ಲಿ ಹಚ್ಚಿದ ಪಟಾಕಿ ಠುಸ್ ಅಂದ್ರೆ ಮನೆಯ ಹಿರಿಯರು ಹೇಳೋದು ಒಂದೇ ಮಾತು: "ಹತ್ತಿರ ಹೋಗಬೇಡ, ಬಿಟ್ಟುಬಿಡು." ಸಿಡಿದ ಪಟಾಕಿಗಿಂತ ಸಿಡಿಯದ ಪಟಾಕಿಗೇ ಹೆಚ್ಚು ಹೆದರಬೇಕು ಅನ್ನೋದು ನಮಗೆಲ್ಲ ಚಿಕ್ಕಂದಿನಲ್ಲೇ ಗೊತ್ತಾಗಿಬಿಡುತ್ತೆ. ಗಣಿಯಲ್ಲೂ ಇದೇ ನ್ಯಾಯ. ಆದರೆ ಅಲ್ಲಿ ಬಿಟ್ಟುಬಿಡೋಕೆ ಆಗಲ್ಲ. ಬ್ಲಾಸ್ಟ್ ಮುಗಿದ ಮೇಲೆ ಅದೇ ಕಲ್ಲಿನ ರಾಶಿಗೆ ಎಕ್ಸ್‌ಕವೇಟರ್ ಬಕೆಟ್ ಹಾಕಬೇಕು, ಅದೇ ಬಂಡೆಗೆ ಮತ್ತೆ ಡ್ರಿಲ್ ಇಡಬೇಕು. ಒಳಗೆ ಒಂದು ಕುಳಿ ಸಿಡಿಯದೆ ಉಳಿದಿದ್ದರೆ, ಅದು ಮೊದಲು ಗೊತ್ತಾಗೋದು ಆ ಆಪರೇಟರ್‌ಗೆ. ಹೇಗೆ ಗೊತ್ತಾಗುತ್ತೆ ಅನ್ನೋದೇ ಭಯ.

ಕರ್ನಾಟಕದಲ್ಲಿ ಕಲ್ಲುಕ್ವಾರಿ ಮದ್ದು ಅಂದ ಕೂಡಲೇ 2021ರ ಜನವರಿಯ ಹುಣಸೋಡು, ಫೆಬ್ರವರಿಯ ಹಿರೇನಾಗವಲ್ಲಿ ನೆನಪಾಗುತ್ತವೆ. ಅವು ಬೇಡದ ಜಾಗದಲ್ಲಿ, ಬೇಡದ ಹೊತ್ತಲ್ಲಿ ಮದ್ದು ಸಿಡಿದ ದುರಂತಗಳು. ಈ ಲೇಖನದ ವಿಷಯ ಅದರ ಉಲ್ಟಾ: ಸಿಡಿಯಲೇಬೇಕಾದ ಹೊತ್ತಲ್ಲಿ ಸಿಡಿಯದೆ ಇರೋದು. ಗಣಿ ಭಾಷೆಯಲ್ಲಿ ಇದಕ್ಕೆ ಮಿಸ್‌ಫೈರ್ ಅಂತಾರೆ.

ಇಲ್ಲಿ ಇಂಜಿನಿಯರಿಂಗ್ ಓದೋ ಯಾರಿಗಾದರೂ ತಲೆಕೆಡಿಸೋ ಒಂದು ಪ್ರಶ್ನೆ ಇದೆ. ಬಲ್ಬ್ ಸರಿ ಇದೆಯಾ ಅಂತ ನೋಡೋಕೆ ಒಮ್ಮೆ ಹಚ್ಚಿ ಆರಿಸಬಹುದು. ಡೆಟೊನೇಟರ್ ಒಂದೇ ಸಲ ಕೆಲಸ ಮಾಡೋ ವಸ್ತು. ಟೆಸ್ಟ್ ಮಾಡಿದ್ದು ಮುಗಿದುಹೋಯ್ತು. ಕುಳಿಗೆ ಇಳಿಸೋದು ಯಾವತ್ತೂ ಟೆಸ್ಟ್ ಆಗದೇ ಇರೋದನ್ನೇ. ಹಾಗಾದ್ರೆ ಅದನ್ನು ನಂಬೋದು ಯಾವ ಧೈರ್ಯದ ಮೇಲೆ?

ಕರೆಂಟ್ ಇಲ್ಲದೆ ಕಿಡಿ

ಮೊದಲು ಈ ವಸ್ತು ಏನು ಅಂತ ನೋಡೋಣ. 1831ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ವಿಲಿಯಂ ಬಿಕ್‌ಫರ್ಡ್ ಸೇಫ್ಟಿ ಫ್ಯೂಸ್‌ಗೆ ಪೇಟೆಂಟ್ ಪಡೆದ. ನಿಧಾನವಾಗಿ, ಸಮವಾಗಿ ಉರಿಯೋ ಬತ್ತಿ ಅದು. ಆಮೇಲೆ ಎಲೆಕ್ಟ್ರಿಕ್ ಡೆಟೊನೇಟರ್ ಬಂತು: ಎರಡು ತಂತಿ, ನಡುವೆ ಕೂದಲೆಳೆಯಂಥ ಬ್ರಿಜ್ ವೈರ್, ಕರೆಂಟ್ ಕೊಟ್ಟರೆ ಕಾದು ಕಿಡಿ ಹತ್ತುತ್ತೆ. ದೂರದಿಂದ ಒಟ್ಟಿಗೆ ಸಿಡಿಸೋಕೆ ಅನುಕೂಲ. ತೊಂದರೆ ಏನಂದ್ರೆ ಆ ಕರೆಂಟ್ ಬ್ಲಾಸ್ಟರ್ ಕೊಟ್ಟಿದ್ದೇ ಆಗಬೇಕು ಅಂತಿಲ್ಲ. ಗಣಿಯ ಯಂತ್ರಗಳಿಂದ ನೆಲಕ್ಕೆ ಸೋರಿದ ಕರೆಂಟ್, ಸ್ಥಾಯೀ ವಿದ್ಯುತ್ತು, ಹತ್ತಿರದ ಪ್ರಬಲ ರೇಡಿಯೋ ಟ್ರಾನ್ಸ್‌ಮಿಟರ್, ಇವೆಲ್ಲ ಆ ತಂತಿಗೆ ಶತ್ರುಗಳೇ.

ಈ ತಲೆನೋವಿಗೆ ಉತ್ತರವಾಗಿ ಬಂದಿದ್ದು ಶಾಕ್ ಟ್ಯೂಬ್. ಸ್ವೀಡನ್ನಿನ ನೈಟ್ರೋ ನೊಬೆಲ್ ಕಂಪನಿಯಲ್ಲಿ ಪರ್-ಆಂಡರ್ಸ್ ಪರ್ಸನ್ ರೂಪಿಸಿದ ಈ ವ್ಯವಸ್ಥೆ 1970ರ ದಶಕದಲ್ಲಿ ಮಾರುಕಟ್ಟೆಗೆ ಬಂತು. ಹೆಸರು ನೊನೆಲ್, ಅಂದ್ರೆ 'ನಾನ್-ಎಲೆಕ್ಟ್ರಿಕ್' ಅನ್ನೋದರ ಗಿಡ್ಡ ರೂಪ. ನೋಡೋಕೆ ಸುಮಾರು 3 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ನಳಿಕೆ. ಒಳಗೋಡೆಗೆ ತೆಳ್ಳಗೆ, ಧೂಳಿನ ಹಾಗೆ ಸ್ಫೋಟಕದ ಪುಡಿ ಅಂಟಿರುತ್ತೆ, ಮೀಟರಿಗೆ ಕೆಲವೇ ಮಿಲಿಗ್ರಾಂ. ಒಂದು ತುದಿಯಲ್ಲಿ ಕಿಡಿ ಕೊಟ್ಟರೆ ಒಳಗಡೆ ಆಘಾತ ತರಂಗವೊಂದು ಸೆಕೆಂಡಿಗೆ ಸುಮಾರು 2,000 ಮೀಟರ್ ವೇಗದಲ್ಲಿ ಓಡುತ್ತೆ. 100 ಮೀಟರ್ ನಳಿಕೆ ದಾಟೋಕೆ 50 ಮಿಲಿಸೆಕೆಂಡ್ ಸಾಕು. ಪುಡಿ ಅಷ್ಟು ಕಮ್ಮಿ ಇರೋದರಿಂದ ನಳಿಕೆ ಒಡೆಯೋದಿಲ್ಲ, ಸುತ್ತಲಿನ ಮದ್ದನ್ನೂ ಹೊತ್ತಿಸೋದಿಲ್ಲ. ಸಂದೇಶ ಮಾತ್ರ ಹೋಗಿ ಕೊನೆಯಲ್ಲಿರೋ ಡೆಟೊನೇಟರ್‌ಗೆ ಮುಟ್ಟುತ್ತೆ.

ಡೆಟೊನೇಟರ್ ಒಳಗೆ ಇನ್ನೊಂದು ಭಾಗ ಇದೆ: ಡಿಲೇ ಎಲಿಮೆಂಟ್. ಗೊತ್ತಾದ ವೇಗದಲ್ಲಿ ಉರಿಯೋ ಒಂದು ಚಿಕ್ಕ ಕಂಬ ಅಂದುಕೊಳ್ಳಿ. ಅದು ಉರಿದು ಮುಗಿದ ಮೇಲೆಯೇ ಸಿಡಿತ. ಒಂದು ಮಾಮೂಲಿ ಜೋಡಣೆಯಲ್ಲಿ ನೆಲದ ಮೇಲೆ ಒಂದು ಕುಳಿಯಿಂದ ಇನ್ನೊಂದಕ್ಕೆ 25 ಮಿಲಿಸೆಕೆಂಡಿನ ಕನೆಕ್ಟರ್, ಕುಳಿಯ ಒಳಗೆ 500 ಮಿಲಿಸೆಕೆಂಡಿನ ಡೆಟೊನೇಟರ್. ಮೊದಲ ಕುಳಿ ಸಿಡಿಯೋ ಹೊತ್ತಿಗೆ ನೆಲದ ಮೇಲಿನ ಸಂದೇಶ 20 ಕುಳಿಯಷ್ಟು ಮುಂದೆ ಹೋಗಿರುತ್ತೆ (500 ಭಾಗಿಸು 25). ಹಾರೋ ಕಲ್ಲು ಬಂದು ನಳಿಕೆ ಕತ್ತರಿಸಿದರೂ ಅಷ್ಟರಲ್ಲಿ ಆ ಕುಳಿಗಳಿಗೆಲ್ಲ ಸುದ್ದಿ ಮುಟ್ಟಿಯಾಗಿದೆ. ಬುದ್ಧಿವಂತ ವ್ಯವಸ್ಥೆ ಅಲ್ವಾ?

ಮಲ್ಟಿಮೀಟರ್ ಇಡೋಕೆ ಜಾಗವೇ ಇಲ್ಲ

ಈ ಅನುಕೂಲಕ್ಕೆ ಒಂದು ಬೆಲೆ ಇದೆ. ಎಲೆಕ್ಟ್ರಿಕ್ ಡೆಟೊನೇಟರ್‌ಗಳನ್ನು ಜೋಡಿಸಿದ ಮೇಲೆ, ಅದಕ್ಕೆಂದೇ ಮಾಡಿದ ಸುರಕ್ಷಿತ ಮೀಟರಿನಿಂದ ಸರ್ಕ್ಯೂಟಿನ ರೆಸಿಸ್ಟೆನ್ಸ್ ಅಳೆಯಬಹುದು. ಲೆಕ್ಕ ಹಾಕಿದ ಓಮ್‌ಗೂ ಮೀಟರ್ ತೋರಿಸಿದ್ದಕ್ಕೂ ತಾಳೆ ಬಂದರೆ ಎಲ್ಲೂ ತಂತಿ ಕಡಿದಿಲ್ಲ ಅಂತ ಗೊತ್ತಾಗುತ್ತೆ. ಶಾಕ್ ಟ್ಯೂಬಿನಲ್ಲಿ ಅಳೆಯೋಕೆ ಏನೂ ಇಲ್ಲ. ಕರೆಂಟ್ ಹರಿಯಲ್ಲ ಅನ್ನೋದೇ ಅದರ ಗುಣ, ಅದೇ ಅದರ ಕೊರತೆ. ಒಳಗೆ ಪುಡಿ ಸರಿಯಾಗಿ ಕೂತಿದೆಯಾ, ನೀರು ನುಗ್ಗಿದೆಯಾ, ಕುಳಿಯೊಳಗೆ 10 ಮೀಟರ್ ಆಳದಲ್ಲಿ ನಳಿಕೆ ಹರಿದಿದೆಯಾ, ಹೊರಗಿನಿಂದ ಹೇಳೋಕಾಗಲ್ಲ. ಜೋಡಣೆ ಸರಿ ಇದೆಯಾ ಅಂತ ನೋಡೋಕೆ ಇರೋ ಉಪಕರಣ ಒಂದೇ: ನಡೆದುಕೊಂಡು ಹೋಗಿ ಕಣ್ಣಿಂದ ನೋಡೋದು.

ಈಚಿನ ಎಲೆಕ್ಟ್ರಾನಿಕ್ ಡೆಟೊನೇಟರ್‌ಗಳು ಈ ಕೊರತೆಯನ್ನು ತುಂಬುತ್ತವೆ. ಪ್ರತಿಯೊಂದಕ್ಕೂ ಒಂದು ಗುರುತಿನ ಸಂಖ್ಯೆ. ಬ್ಲಾಸ್ಟ್‌ಗೆ ಮುಂಚೆ ಹಾಜರಿ ಕೂಗಿದರೆ ಒಂದೊಂದೂ "ಇದ್ದೀನಿ" ಅನ್ನುತ್ತೆ, ಪ್ರಾಕ್ಸಿಗೆ ಅವಕಾಶ ಇಲ್ಲ. ಆದರೆ ಅವುಗಳ ಬೆಲೆ ಹೆಚ್ಚು. ಇನ್ನೊಂದು ಮಾತು: ಹಾಜರಿ ಕೊಟ್ಟಿದ್ದು ಸರ್ಕ್ಯೂಟ್ ಮಾತ್ರ, ಅದರ ಕೆಳಗಿರೋ ಮದ್ದಲ್ಲ. ಹಾಗಾಗಿ ಟೆಸ್ಟಿಂಗಿನ ಮೂಲ ಪ್ರಶ್ನೆ ಅಲ್ಲೂ ಪೂರ್ತಿ ಮಾಯ ಆಗಲ್ಲ.

ಏನೇನು ಕೆಡಬಹುದು

ಟೆಸ್ಟ್ ಅಂದ್ರೆ ಸುಮ್ಮನೆ ಪೆಟ್ಟಿಗೆಯಿಂದ ತೆಗೆದು ಸಿಡಿಸಿ ನೋಡೋದಲ್ಲ. ಗಣಿಯಲ್ಲಿ ಅದಕ್ಕೆ ಬರೋ ಕಷ್ಟಗಳನ್ನೆಲ್ಲ ಲ್ಯಾಬಲ್ಲಿ ಕೊಟ್ಟು, ಆಮೇಲೆ ಸಿಡಿಸೋದು. ಕುಳಿಯ ಒರಟು ಅಂಚಿಗೆ ನಳಿಕೆ ಉಜ್ಜುತ್ತೆ. ಚೂಪು ಕಲ್ಲು ಕೊಯ್ಯುತ್ತೆ. ಇಳಿಸುವಾಗ ಎಳೆದು ಎಳೆದು ನಳಿಕೆ ಸಣ್ಣಗಾಗುತ್ತೆ. ಕತ್ತರಿಸಿದ ತುದಿಯನ್ನು ಮುಚ್ಚದಿದ್ದರೆ ತೇವ ಒಳಗೆ ಹೋಗಿ ಪುಡಿ ಸತ್ತುಹೋಗುತ್ತೆ. ಮದ್ದಿನಲ್ಲಿರೋ ಡೀಸೆಲ್ ದಿನಗಟ್ಟಲೆ ತಾಗಿದರೆ ಪ್ಲಾಸ್ಟಿಕ್‌ಗೂ ಕಷ್ಟ. ನೀರು ತುಂಬಿದ ಕುಳಿಯಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಸುಮಾರು 1 ಬಾರ್‌ನಂತೆ ಒತ್ತಡ ಏರುತ್ತೆ. ಪಕ್ಕದ ಕುಳಿ ಮೊದಲು ಸಿಡಿದಾಗ ಬರೋ ಆಘಾತವನ್ನೂ ಡೆಟೊನೇಟರ್ ತಡೆದುಕೊಳ್ಳಬೇಕು.

ಯುರೋಪಿನ ಇಎನ್ 13763 ಅನ್ನೋ ಮಾನದಂಡಗಳ ಸರಣಿ ಇಂಥವನ್ನೇ ಒಂದೊಂದಾಗಿ ಟೆಸ್ಟ್ ಮಾಡುತ್ತೆ: ಉಜ್ಜಾಟ, ಕೊಯ್ತ, ಎಳೆತ, ನೀರಿನ ಒತ್ತಡ, ಶಾಕ್ ಟ್ಯೂಬಿನ ತರಂಗದ ವೇಗ, ಡಿಲೇಯ ನಿಖರತೆ, ಕನೆಕ್ಟರಿನಿಂದ ನಳಿಕೆಗೆ ಕಿಡಿ ದಾಟುತ್ತಾ ಇಲ್ವಾ ಅನ್ನೋದು. ನಮ್ಮ ದೇಶದಲ್ಲಿ ಸ್ಫೋಟಕಗಳಿಗೆ ಪರವಾನಗಿ, ಅನುಮೋದನೆ ನೋಡಿಕೊಳ್ಳೋದು ನಾಗಪುರದಲ್ಲಿ ಮುಖ್ಯ ಕಚೇರಿ ಇರೋ ಪೆಸೊ. ಗಣಿಯೊಳಗಿನ ಸುರಕ್ಷತೆ ಧನಬಾದಿನ ಡಿಜಿಎಂಎಸ್ ಕೈಯಲ್ಲಿ. ಬ್ಲಾಸ್ಟಿಂಗ್ ಸಂಶೋಧನೆಗೆ ಧನಬಾದಿನಲ್ಲಿ ಸಿಮ್‌ಫರ್ ಇದೆ, ಕೋಲಾರ ಚಿನ್ನದ ಗಣಿಯ ನೆಲದಲ್ಲಿ ಶುರುವಾದ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆಯೂ ಇದೆ.

ಅಗುಳು ಬೇರೆ, ಕಲ್ಲು ಬೇರೆ

ಈಗ ಲೆಕ್ಕಕ್ಕೆ ಬರೋಣ. ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಹಿಸುಕಿದರೆ ಸಾಕು ಅಂತೀವಿ. ಅದು ನಿಜ, ಯಾಕಂದ್ರೆ ಪಾತ್ರೆಯ ಅಷ್ಟೂ ಅಕ್ಕಿ ಒಂದೇ ನೀರಲ್ಲಿ, ಒಂದೇ ಉರಿಯಲ್ಲಿ ಬೆಂದಿದೆ. ಒಂದು ಲಾಟಿನ ಡೆಟೊನೇಟರ್‌ಗಳಿಗೆಲ್ಲ ಸಾಮಾನ್ಯವಾದ ದೋಷ ಇದ್ದರೆ, ಉದಾಹರಣೆಗೆ ಡಿಲೇ ಮಿಶ್ರಣವೇ ತಪ್ಪಾಗಿದ್ದರೆ, ಅಗುಳಿನ ಟೆಸ್ಟಿಗೆ ಸಿಕ್ಕಿಬೀಳುತ್ತೆ. ಆದರೆ ಮಿಸ್‌ಫೈರ್ ಬೇಯದ ಅಕ್ಕಿಯ ಥರ ಅಲ್ಲ. ಅದು ಅಕ್ಕಿಯಲ್ಲಿರೋ ಕಲ್ಲಿನ ಥರ. ಒಂದು ಅಗುಳು ಹಿಸುಕಿ ಕಲ್ಲು ಇಲ್ಲ ಅಂತ ಹೇಳೋಕಾಗುತ್ತಾ?

ಒಂದು ಲಾಟಿನಿಂದ 50 ಡೆಟೊನೇಟರ್ ತೆಗೆದು ಸಿಡಿಸಿದೆವು, ಐವತ್ತೂ ಸಿಡಿದವು ಅಂದುಕೊಳ್ಳಿ. ರಿಪೋರ್ಟಲ್ಲಿ ಬರೆಯೋದು 'ವೈಫಲ್ಯ ಸೊನ್ನೆ'. ಓದೋರಿಗೆ ನೂರಕ್ಕೆ ನೂರು ಅಂತ ಕೇಳಿಸುತ್ತೆ. ಈಗ ಆ ಲಾಟಿನಲ್ಲಿ ನಿಜಕ್ಕೂ ನೂರಕ್ಕೆ ಒಂದು ಕೆಟ್ಟಿದೆ ಅಂತ ಇಟ್ಟುಕೊಳ್ಳಿ. ಐವತ್ತರಲ್ಲಿ ಒಂದೂ ಕೆಟ್ಟದ್ದು ಸಿಗದೆ ಇರೋ ಪ್ರೊಬಬಿಲಿಟಿ 0.99ರ 50ನೇ ಘಾತ, ಅಂದ್ರೆ ಸುಮಾರು 0.6. ಇಂಥ ಲಾಟ್ ಹತ್ತಕ್ಕೆ ಆರು ಸಲ ಈ ಟೆಸ್ಟ್ ಪಾಸ್ ಮಾಡುತ್ತೆ! ಅದೇ ಲಾಟನ್ನು 200 ಕುಳಿಯ ಬ್ಲಾಸ್ಟಿಗೆ ಹಾಕಿದರೆ ಸರಾಸರಿ ಎರಡು ಕುಳಿ ಸಿಡಿಯದೆ ಉಳಿಯುತ್ತವೆ.

ಇದಕ್ಕೊಂದು ಸುಲಭ ಸೂತ್ರ ಇದೆ. ಅದಕ್ಕೆ 'ಮೂರರ ನಿಯಮ' ಅಂತಾರೆ. ಎಷ್ಟು ಟೆಸ್ಟ್ ಮಾಡಿದ್ರಿ ಅನ್ನೋದರಿಂದ 3ನ್ನು ಭಾಗಿಸಿ. ಒಂದೂ ವೈಫಲ್ಯ ಸಿಗದಿದ್ದಾಗ, ನಿಜವಾದ ವೈಫಲ್ಯದ ಪ್ರಮಾಣ ಅದಕ್ಕಿಂತ ಹೆಚ್ಚಿಲ್ಲ ಅಂತ ಶೇ. 95ರ ವಿಶ್ವಾಸದಿಂದ ಹೇಳಬಹುದು. 50ಕ್ಕೆ ಸೊನ್ನೆ ಬಂದರೆ ಹೇಳಬಹುದಾದ್ದು 'ಶೇ. 6ಕ್ಕಿಂತ ಹೆಚ್ಚಿಲ್ಲ' ಅಂತ, ಅಷ್ಟೇ. 'ನೂರಕ್ಕೆ ಒಂದಕ್ಕಿಂತ ಕಮ್ಮಿ' ಅನ್ನೋಕೆ ಸುಮಾರು 300 ಬೇಕು. 'ಸಾವಿರಕ್ಕೆ ಒಂದಕ್ಕಿಂತ ಕಮ್ಮಿ' ಅನ್ನೋಕೆ ಸುಮಾರು 3,000. 'ಹತ್ತು ಸಾವಿರಕ್ಕೆ ಒಂದಕ್ಕಿಂತ ಕಮ್ಮಿ' ಅಂತ ಒಂದೇ ಲಾಟಿನ ಟೆಸ್ಟಿಂದ ತೋರಿಸಬೇಕಾದ್ರೆ 30,000 ಸಿಡಿಸಬೇಕು, ಅದೂ ಒಂದೂ ತಪ್ಪದೆ. ಅಷ್ಟೊತ್ತಿಗೆ ಮಾರೋಕೆ ಏನು ಉಳಿದಿರುತ್ತೆ?

ಹಾಗಾಗಿ ಎಣಿಸೋ ಟೆಸ್ಟಿನ ಜತೆಗೆ ಅಳೆಯೋ ಟೆಸ್ಟ್ ಬೇಕು. ಸಿಡಿಯಿತಾ ಇಲ್ವಾ ಅಂತ ಮಾತ್ರ ಬರೆದುಕೊಂಡರೆ ಒಂದು ಡೆಟೊನೇಟರಿಂದ ಸಿಗೋದು 'ಹೌದು' ಅಥವಾ 'ಇಲ್ಲ'. ಎಷ್ಟು ಮಿಲಿಸೆಕೆಂಡಿಗೆ ಸಿಡಿಯಿತು ಅಂತ ಅಳೆದರೆ ಒಂದು ಸಂಖ್ಯೆ ಸಿಗುತ್ತೆ. ಸರಾಸರಿ ನಿಧಾನಕ್ಕೆ ಜಾರುತ್ತಿದೆಯಾ, ಹರವು ದೊಡ್ಡದಾಗುತ್ತಿದೆಯಾ ಅಂತ ಲಾಟಿನಿಂದ ಲಾಟಿಗೆ ನೋಡಬಹುದು. ಪೂರ್ತಿ ಕೆಡೋಕೆ ಮುಂಚೆಯೇ ಕಾಯಿಲೆಯ ಲಕ್ಷಣ ಕಾಣಿಸಬಹುದು.

ಬೇಕಂತಲೇ ಕಷ್ಟ ಕೊಟ್ಟು ನೋಡೋದು

ಇನ್ನೊಂದು ಉಪಾಯ ಎರಡನೇ ಮಹಾಯುದ್ಧದ ಕಾಲದ್ದು. ಅಮೆರಿಕದ ಪೆನ್ಸಿಲ್ವೇನಿಯಾದ ಬ್ರೂಸ್‌ಟನ್‌ನಲ್ಲಿದ್ದ ಸ್ಫೋಟಕ ಸಂಶೋಧನಾ ಪ್ರಯೋಗಾಲಯದಲ್ಲಿ ಬಳಕೆಗೆ ಬಂದ ವಿಧಾನ ಅದು. 1948ರಲ್ಲಿ ಡಿಕ್ಸನ್ ಮತ್ತು ಮೂಡ್ ಅದರ ಸಂಖ್ಯಾಶಾಸ್ತ್ರವನ್ನು ಪ್ರಕಟಿಸಿದರು. ತರ್ಕ ತುಂಬ ಸರಳ. ಕನೆಕ್ಟರಿಗೂ ನಳಿಕೆಗೂ ನಡುವೆ ಬೇಕಂತಲೇ ಒಂದಿಷ್ಟು ಅಂತರ ಬಿಡಿ. ಕಿಡಿ ದಾಟಿದರೆ ಮುಂದಿನ ಸಲ ಅಂತರವನ್ನು ಒಂದು ಮೆಟ್ಟಿಲು ಜಾಸ್ತಿ ಮಾಡಿ. ದಾಟದಿದ್ದರೆ ಒಂದು ಮೆಟ್ಟಿಲು ಕಮ್ಮಿ ಮಾಡಿ. ಹೀಗೆ ಏರುತ್ತಾ ಇಳಿಯುತ್ತಾ ಹೋದರೆ ಟೆಸ್ಟ್ ತಾನಾಗಿಯೇ 'ಅರ್ಧ ಸಲ ದಾಟುತ್ತೆ, ಅರ್ಧ ಸಲ ದಾಟಲ್ಲ' ಅನ್ನೋ ಅಂತರದ ಸುತ್ತ ಬಂದು ನಿಲ್ಲುತ್ತೆ. ಕೆಲವೇ ಡಜನ್ ಸ್ಯಾಂಪಲ್ಲಲ್ಲಿ ಆ ನಡುಬಿಂದು ಸಿಗುತ್ತೆ. ಗಣಿಯಲ್ಲಿ ನಿಜಕ್ಕೂ ಬರೋ ಅಂತರ ಅದಕ್ಕಿಂತ ಎಷ್ಟು ಕೆಳಗಿದೆ ಅನ್ನೋದೇ ನಮ್ಮ ಸೇಫ್ಟಿ ಮಾರ್ಜಿನ್.

ಆದರೆ ಎಚ್ಚರ: ಈ ಟೆಸ್ಟ್ ಚೆನ್ನಾಗಿ ಹೇಳೋದು ನಡುಬಿಂದುವನ್ನು. ನಮಗೆ ಬೇಕಾಗಿರೋದು ತುದಿಯ ಬಾಲ, ಸಾವಿರಕ್ಕೆ ಒಂದು ಎಲ್ಲಿ ತಪ್ಪುತ್ತೆ ಅನ್ನೋದು. ನಡುವಿನಿಂದ ಬಾಲಕ್ಕೆ ಹೋಗೋದು ನಾರ್ಮಲ್ ಡಿಸ್ಟ್ರಿಬ್ಯೂಷನ್ ಅನ್ನೋ ಊಹೆಯ ಸೇತುವೆ ಮೇಲೆ. ಊಹೆ ತಪ್ಪಿದರೆ ಸೇತುವೆಯೂ ಇಲ್ಲ.

ಸಿಡಿದರೆ ಸಾಲದು

ರಿಲಯಬಿಲಿಟಿ ಅಂದ್ರೆ ಸಿಡಿಯೋದಷ್ಟೇ ಅಲ್ಲ, ತನ್ನ ಸರದಿಗೆ ಸಿಡಿಯೋದು. ಮುಂದಿನ ಕುಳಿ ಸಿಡಿದು ಬಂಡೆ ಸರಿದು ಜಾಗ ಕೊಟ್ಟ ಮೇಲೆ ಹಿಂದಿನದು ಸಿಡಿಯಬೇಕು. ಸರದಿ ತಪ್ಪಿದರೆ ಹಿಂದಿನ ಕುಳಿಗೆ ಹೋಗೋಕೆ ದಾರಿ ಇಲ್ಲ. ಆ ಶಕ್ತಿ ನೆಲದ ಕಂಪನವಾಗಿ, ಮೇಲಕ್ಕೆ ಹಾರೋ ಕಲ್ಲಾಗಿ ಹೊರಬರುತ್ತೆ.

ಒಂದು ಲೆಕ್ಕ ಮಾಡೋಣ. 500 ಮಿಲಿಸೆಕೆಂಡಿನ ಡಿಲೇಯ ಸ್ಟಾಂಡರ್ಡ್ ಡೀವಿಯೇಷನ್ ಶೇ. 1, ಅಂದ್ರೆ 5 ಮಿಲಿಸೆಕೆಂಡ್ ಇರಲಿ. ಅಕ್ಕಪಕ್ಕದ ಎರಡು ಕುಳಿಗಳ ವ್ಯತ್ಯಾಸದ ಡೀವಿಯೇಷನ್ 5 ಗುಣಿಸು ರೂಟ್ 2, ಸುಮಾರು 7. ನಡುವೆ ಇಟ್ಟಿರೋ ಅಂತರ 25. ಸರದಿ ಉಲ್ಟಾ ಆಗೋ ಸಂಭವ ಹತ್ತು ಸಾವಿರಕ್ಕೆ ಸುಮಾರು ಎರಡು. ಈಗ ಡೀವಿಯೇಷನ್ ಶೇ. 2 ಆಗಲಿ. ವ್ಯತ್ಯಾಸದ ಡೀವಿಯೇಷನ್ 14ಕ್ಕೆ ಏರುತ್ತೆ, ಸರದಿ ಉಲ್ಟಾ ಆಗೋ ಸಂಭವ ನೂರಕ್ಕೆ ಸುಮಾರು ನಾಲ್ಕು! ಹರವು ಎರಡರಷ್ಟಾಯಿತು, ತಪ್ಪು ಸುಮಾರು ಇನ್ನೂರು ಪಟ್ಟು. ಇಂಟರ್ನಲ್ಸಿಗೆ ಓದಿ ಮರೆತುಬಿಡೋ ನಾರ್ಮಲ್ ಟೇಬಲ್ಲಿನ ಬಾಲಕ್ಕೆ ಇಷ್ಟು ಶಕ್ತಿ ಇದೆ.

ಅಂತರ 8 ಮಿಲಿಸೆಕೆಂಡಿಗಿಂತ ಕಮ್ಮಿ ಇರೋ ಸಿಡಿತಗಳನ್ನು ಕಂಪನದ ಲೆಕ್ಕದಲ್ಲಿ ಒಂದೇ ಸಿಡಿತ ಅಂತ ಹಿಡಿಯೋ ಹಳೆಯ ರೂಢಿಯೂ ಒಂದಿದೆ. ಕ್ವಾರಿ ಪಕ್ಕದ ಹಳ್ಳಿಯ ಗೋಡೆ ಬಿರುಕು ಬಿಡುತ್ತಾ ಇಲ್ವಾ ಅನ್ನೋದು ಎಷ್ಟೋ ಸಲ ಈ ಕೆಲವು ಮಿಲಿಸೆಕೆಂಡುಗಳ ಮೇಲೆ ನಿಂತಿರುತ್ತೆ.

ಒಂದೇ ದಾರಿ ನಂಬಬೇಡಿ

ಪ್ರತಿ ಕನೆಕ್ಟರ್ ಸಾವಿರಕ್ಕೆ ಒಂದು ಸಲ ಕೈಕೊಡುತ್ತೆ ಅಂದುಕೊಳ್ಳಿ. 200 ಕನೆಕ್ಟರುಗಳನ್ನು ಒಂದರ ಬಾಲಕ್ಕೆ ಒಂದು ಕಟ್ಟಿದರೆ ಎಲ್ಲವೂ ಕೆಲಸ ಮಾಡೋ ಸಂಭವ 0.999ರ 200ನೇ ಘಾತ, ಸುಮಾರು 0.82. ಅಂದ್ರೆ ಐದಾರು ಬ್ಲಾಸ್ಟಿಗೆ ಒಂದರಲ್ಲಿ ಸರಪಳಿ ಎಲ್ಲೋ ಕಡಿಯುತ್ತೆ. 20 ಕುಳಿಯ ಸಾಲಿನಲ್ಲಿ ಮೂರನೇ ಕುಳಿ ಆದ ಮೇಲೆ ಕಡಿದರೆ ನಾಲ್ಕರಿಂದ ಇಪ್ಪತ್ತರವರೆಗೆ ಅಷ್ಟೂ ಕುಳಿ ಮದ್ದು ತುಂಬಿಕೊಂಡು ಹಾಗೇ ಕೂತಿರುತ್ತವೆ.

ಅದಕ್ಕೇ ಅನುಭವಸ್ಥರು ಪ್ರತಿ ಕುಳಿಗೂ ಸಂದೇಶ ಎರಡು ದಿಕ್ಕಿನಿಂದ ಬರೋ ಹಾಗೆ ಜೋಡಿಸ್ತಾರೆ. ಆಳದ ಕುಳಿಗೆ ಎರಡು ಡೆಟೊನೇಟರ್ ಇಳಿಸ್ತಾರೆ. ಒಂದೊಂದೂ ಸಾವಿರಕ್ಕೆ ಒಂದು ತಪ್ಪಿದರೆ, ಎರಡೂ ಒಟ್ಟಿಗೆ ತಪ್ಪೋದು ಹತ್ತು ಲಕ್ಷಕ್ಕೆ ಒಂದು. ಕಾಗದದ ಮೇಲೆ ಇದು ಸೊಗಸು. ಆದರೆ ಈ ಗುಣಾಕಾರ ಸರಿ ಬರೋದು ಎರಡೂ ಒಂದಕ್ಕೊಂದು ಸಂಬಂಧ ಇಲ್ಲದೆ ಕೆಟ್ಟಾಗ ಮಾತ್ರ. ಎರಡೂ ಒಂದೇ ಲಾಟಿನವು, ಒಂದೇ ನೀರಲ್ಲಿ ನೆನೆದವು, ಒಂದೇ ಕಲ್ಲು ಎರಡೂ ನಳಿಕೆಯನ್ನು ಕೊಯ್ದಿದೆ ಅಂದ್ರೆ? ಆಗ ಎರಡಿದ್ದರೂ ಒಂದೇ. ಕ್ಲಾಸಲ್ಲಿ 'ಈವೆಂಟ್‌ಗಳು ಇಂಡಿಪೆಂಡೆಂಟ್ ಎಂದು ಭಾವಿಸಿ' ಅಂತ ಒಂದು ಸಾಲು ಬರೆದು ಮುಂದೆ ಹೋಗ್ತೀವಲ್ಲ, ಗಣಿಯಲ್ಲಿ ಜೀವ ನಿಂತಿರೋದು ಆ ಸಾಲಿನ ಮೇಲೆ.

ಸಿಕ್ಕಿದ್ದು ಮಾತ್ರ ಲೆಕ್ಕಕ್ಕೆ

ಹಾಗಾದ್ರೆ ಗಣಿಗಳಲ್ಲಿ ದಿನವೂ ಸಾವಿರಾರು ಸಿಡಿಯುತ್ತಿವೆಯಲ್ಲ, ಅದನ್ನೇ ಟೆಸ್ಟ್ ಅಂತ ಹಿಡಿದು ಲೆಕ್ಕ ಇಡಬಾರದಾ? ಇಡಲೇಬೇಕು. ಆದರೆ ಅಲ್ಲೂ ಎರಡು ಗುಂಡಿಗಳಿವೆ. ಒಂದು, ಮಿಸ್‌ಫೈರ್ ಲೆಕ್ಕಕ್ಕೆ ಬರೋದು ಯಾರಾದರೂ ಕಂಡುಹಿಡಿದರೆ ಮಾತ್ರ. ಟನ್‌ಗಟ್ಟಲೆ ಕಲ್ಲಿನೊಳಗೆ ಬೆರಳುದ್ದದ ಡೆಟೊನೇಟರ್ ಕಣ್ತಪ್ಪಿ ಹೋದರೆ ರಿಜಿಸ್ಟರಲ್ಲಿ ಅದು 'ಯಶಸ್ಸು'. ಎರಡು, ಸಿಕ್ಕರೂ ಕಾರಣ ಹೇಳೋದು ಕಷ್ಟ. ವಸ್ತುವೇ ಕೆಟ್ಟಿತ್ತಾ, ಜೋಡಣೆ ತಪ್ಪಾ, ಪಕ್ಕದ ಕುಳಿಯ ಬಂಡೆ ಸರಿದು ನಳಿಕೆ ಕಡಿಯಿತಾ? ಸಾಕ್ಷಿಯೆಲ್ಲ ಅದೇ ರಾಶಿಯಲ್ಲಿ ಪುಡಿಯಾಗಿರುತ್ತೆ. ಇದಕ್ಕೆ ಹೈಸ್ಪೀಡ್ ಕ್ಯಾಮೆರಾ, ಕಂಪನ ಮಾಪಕಗಳು ಸಹಾಯ ಮಾಡುತ್ತವೆ. ಸೆಕೆಂಡಿಗೆ 1,000 ಫ್ರೇಮ್ ಹಿಡಿಯೋ ಕ್ಯಾಮೆರಾದಲ್ಲಿ ಒಂದು ಫ್ರೇಮ್ ಅಂದ್ರೆ ಒಂದು ಮಿಲಿಸೆಕೆಂಡ್. ಯಾವ ಕುಳಿ ಯಾವಾಗ ಎದ್ದಿತು, ಯಾವುದು ಏಳಲೇ ಇಲ್ಲ ಅಂತ ಆಮೇಲೆ ಕೂತು ನೋಡಬಹುದು.

ಮಿಸ್‌ಫೈರ್ ಸಿಕ್ಕ ಮೇಲೆ ಮಾಡಬೇಕಾದ್ದಕ್ಕೆ ಕಟ್ಟುನಿಟ್ಟಿನ ನಿಯಮಗಳಿವೆ: ನಿಗದಿತ ಸಮಯ ಕಾಯಬೇಕು, ಅಧಿಕಾರ ಇರೋ ಬ್ಲಾಸ್ಟರ್ ಮಾತ್ರ ಹತ್ತಿರ ಹೋಗಬೇಕು, ಒಳಗಿನ ಮದ್ದನ್ನು ಕೆದಕಿ ತೆಗೆಯಬಾರದು, ಹಳೇ ಕುಳಿಯ ಬುಡದಲ್ಲಿ ಮತ್ತೆ ಡ್ರಿಲ್ ಇಡಬಾರದು. ಈ ಒಂದೊಂದು ಸಾಲಿನ ಹಿಂದೆಯೂ ಯಾರದೋ ಜೀವ ಹೋದ ಪಾಠ ಇದೆ.

ಹಾಗಾಗಿ 'ಈ ಡೆಟೊನೇಟರ್ ಶೇ. 99.9 ರಿಲಯಬಲ್' ಅಂತ ಪೆಟ್ಟಿಗೆ ಮೇಲೆ ಬರೆದಿದ್ದರೆ ನಾವು ಕೇಳಬೇಕಾದ ಪ್ರಶ್ನೆಗಳು ಮೂರು. ಎಷ್ಟು ಸಿಡಿಸಿ ನೋಡಿ ಹೇಳಿದ್ರಿ? ಒಣ ಲ್ಯಾಬಲ್ಲೋ, ನೀರು ತುಂಬಿದ ಕುಳಿಯಲ್ಲೋ? ವೈಫಲ್ಯ ಅಂತ ಯಾವುದನ್ನು ಎಣಿಸಿದ್ರಿ, ಸಿಡಿಯದೆ ಇದ್ದಿದ್ದನ್ನು ಮಾತ್ರವೋ, ಸರದಿ ತಪ್ಪಿದ್ದನ್ನೂ ಸೇರಿಸಿಯೋ? ಇದು ಡೆಟೊನೇಟರಿಗಷ್ಟೇ ಅಲ್ಲ. ಕಾರಿನ ಏರ್‌ಬ್ಯಾಗ್, ವಿಮಾನದ ಎಜೆಕ್ಷನ್ ಸೀಟ್, ರಾಕೆಟ್ಟಿನ ಹಂತ ಬೇರ್ಪಡಿಸೋ ಪೈರೋ ಬೋಲ್ಟ್, ಒಂದೇ ಸಲ ಕೆಲಸ ಮಾಡೋ ಎಲ್ಲಕ್ಕೂ ಇದೇ ಪ್ರಶ್ನೆಗಳು.

ರಾಯಚೂರಿನ ಹಟ್ಟಿಯಲ್ಲಿ ಇವತ್ತೂ ನೆಲದಡಿಯಲ್ಲಿ ಚಿನ್ನದ ಬಂಡೆ ಒಡೀತಾರೆ. ಬಳ್ಳಾರಿಯ ಕಬ್ಬಿಣದ ಅದಿರು, ಕಲಬುರಗಿಯ ಸುಣ್ಣದಕಲ್ಲು, ನಮ್ಮ ಹಾಸ್ಟೆಲ್ ಕಟ್ಟಡದ ಜಲ್ಲಿ, ಎಲ್ಲದಕ್ಕೂ ಬಂಡೆ ಒಡೆಯೋ ಕೆಲಸ ಇದ್ದದ್ದೇ. ಆ ಲಾಟನ್ನು ಪಾಸ್ ಮಾಡಿದ ಸಂಖ್ಯಾಶಾಸ್ತ್ರ ಎಷ್ಟೇ ಚೆನ್ನಾಗಿರಲಿ, ಕೊನೆಗೆ ಬಿಸಿಲಲ್ಲಿ ಒಂದೊಂದೇ ಕುಳಿಯ ಹತ್ತಿರ ಬಗ್ಗಿ, ನಳಿಕೆ ಕ್ಲಿಪ್ಪಿನಲ್ಲಿ ಸರಿಯಾಗಿ ಕೂತಿದೆಯಾ ಅಂತ ನೋಡೋ ಒಬ್ಬ ಮನುಷ್ಯ ಇರ್ತಾನೆ. ನಾವು ನಾಳೆ ಅಂಥ ವ್ಯವಸ್ಥೆಯನ್ನು ಡಿಸೈನ್ ಮಾಡೋರಾದ್ರೆ, ಆ ಮನುಷ್ಯ ಒಂದು ಕುಳಿ ನೋಡೋದು ಮರೆತರೂ ಇನ್ನೊಂದು ದಾರಿಯಿಂದ ಸಂದೇಶ ಮುಟ್ಟೋ ಹಾಗೆ ಮಾಡಬೇಕು. ರಿಪೋರ್ಟಿನಲ್ಲಿ 'ವೈಫಲ್ಯ ಸೊನ್ನೆ' ಅಂತ ಬರೆಯೋ ದಿನ ಬಂದರೆ, ಅದರ ಪಕ್ಕದಲ್ಲೇ 'ಎಷ್ಟರಲ್ಲಿ' ಅಂತಲೂ ಬರೆಯೋಣ.